ಹತ್ತೊಂಬತ್ತು ಸರಿ

ಮಾರ್ಚ್ ೧೪

ನನ್ನ ಆಮೆಮರಿಗೆ, ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಪರೀಕ್ಷೆಯ ಕಾಲ, ಅದರ ಮೇಲೆ ಈ ತಿಂಗಳ ಕೊನೆಗೆ ನನ್ನ ನಿವೃತ್ತಿ. ಮೂವತ್ತೈದು ವರ್ಷದ ಬೀರು ಖಾಲಿ ಮಾಡುತ್ತಿದ್ದೇನೆ. ಧೂಳಿಗೆ ಸೀನಿ ಸೀನಿ ಸಾಕಾಗಿದೆ.

ನನ್ನ ಲೆಕ್ಕದ ಪರೀಕ್ಷೆಯನ್ನು ನೀನು ಮರೆತಿರಲಾರೆ. ಒಂದು ನಿಮಿಷ, ಹಾಳೆಯಲ್ಲಿ ನಲವತ್ತು ಲೆಕ್ಕ, ಎರಡೂ ಕೈ ಮೇಜಿನ ಮೇಲೆ. ಮಗು ಉತ್ತರ ಹೇಳುತ್ತಾ ಹೋಗಬೇಕು. ಮೂರು ಸೆಕೆಂಡು ಸುಮ್ಮನಾದರೆ ನಾನು ಗೆರೆ ಎಳೆದು "ಮುಂದೆ" ಎನ್ನುತ್ತೇನೆ. ಇಪ್ಪತ್ತು ಸರಿಯಾದರೆ ಪಾಸು, ಇಲ್ಲದಿದ್ದರೆ ದಡ್ಡರನ್ನು ಕೂರಿಸುವ ಹಿಂದಿನ ಕೋಣೆ. ಮೊನ್ನೆ ಒಬ್ಬಳು ಬೂಟಿನೊಳಗೆ ಕಾಲ್ಬೆರಳು ಆಡಿಸಿ ಎಣಿಸುತ್ತಿದ್ದಳು. ನನ್ನ ಕಣ್ಣಿಗೇ ಮಣ್ಣೆರಚುವುದೇ? ಬೂಟು ಬಿಚ್ಚಿಸಿ, "ನಿನ್ ಕಾಲಿಗೂ ಲೆಕ್ಕ ಬರುತ್ತೇನೇ?" ಅಂದೆ. ಸಾಲಿನಲ್ಲಿ ಕಾಯುತ್ತಿದ್ದವರೆಲ್ಲ ನಕ್ಕರು. ಆಮೇಲೆ ಅವಳು ಬಾಯಿ ಬಿಡಲಿಲ್ಲ. ಗೆರೆಯ ಮೇಲೆ ಗೆರೆ.

ಮೊಮ್ಮಗನನ್ನೂ ಅವನ ಶಾಲೆಯ ಅಂಥದೇ ಕೋಣೆಗೆ ಹಾಕಲು ಅವನ ಟೀಚರು ಒಪ್ಪಿಗೆ ಪತ್ರ ಕಳಿಸಿದ್ದಾರೆ, ಸಹಿ ಹಾಕಲೇ ಎಂದು ಕೇಳಿದ್ದೀಯ. "ನನ್ ಹಾಗೇ ಅಮ್ಮಾ, ನಮ್ ರಕ್ತದಲ್ಲೇ ಲೆಕ್ಕ ಇಲ್ಲ" ಎಂದು ಬೇರೆ ಬರೆದಿದ್ದೀಯ. ಅದನ್ನು ಓದಿ ನಿನ್ನಪ್ಪ ಅರ್ಧ ಊಟಕ್ಕೇ ಎದ್ದರು. "ನಮ್ ಮಗಳನ್ನ ಏಳ್ ವರ್ಷಕ್ಕೇ ದಡ್ಡಿ ಅಂದೋಳು ನೀನು" ಅಂದರು. ನಾನು ಸುಮ್ಮನಿರುತ್ತೇನೆಯೇ? "ದಡ್ಡೀನ ಇನ್ನೇನ್ ಅನ್ಲಿ?" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ನಾನೇಕೆ ಹೆಗಲು ಮುಟ್ಟಿ ನೋಡಿಕೊಳ್ಳಲಿ?

ಹೊಲಿಗೆ ಅಂಗಡಿಯಲ್ಲಿ ನೀನು ಇಂದಿಗೂ ಗುಂಡಿ ಎಣಿಸುವುದಿಲ್ಲವಂತೆ. ಮಾದರಿ ಅಂಗಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದರ ಎದುರಿಗೆ ಒಂದು ಜೋಡಿಸುತ್ತೀಯಂತೆ. ಅಳಿಯಂದಿರು ಹೇಳಿ ನಕ್ಕರು. ನಾನೂ ನಕ್ಕೆ.

ಸಹಿಯ ವಿಷಯ ನಿನಗೆ ತೋಚಿದಂತೆ ಮಾಡು. ಮಗುವಿಗೆ ಮುತ್ತು, ಅಳಿಯಂದಿರಿಗೆ ಆಶೀರ್ವಾದ. ನಿನ್ನ ಆಯಸ್ಸು, ಆರೋಗ್ಯ ಹೆಚ್ಚಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಮಗಳೇ, ಸಹಿ ಹಾಕಬೇಡ. ಬೀರುವಿನ ತಳದಲ್ಲಿ ನಿನ್ನ ಪರೀಕ್ಷೆಯ ಹಾಳೆ ಸಿಕ್ಕಿತು. ನೀನಾಗ ಎರಡನೇ ತರಗತಿ. ಹಾಳೆ ಮೂರನೇ ತರಗತಿಯದು. ಕಟ್ಟು ಅದಲುಬದಲಾಗಿ ನಾನೇ ಕೊಟ್ಟದ್ದು. ಯಾರೂ ಕಲಿಸದ ಲೆಕ್ಕಗಳಲ್ಲಿ ನೀನು ಹತ್ತೊಂಬತ್ತು ಸರಿ ಹೇಳಿದ್ದೆ. ಇಪ್ಪತ್ತನೆಯದಕ್ಕೆ ನೀನು ಬಾಯಿ ತೆರೆಯುವಷ್ಟರಲ್ಲಿ ನಾನು ಗೆರೆ ಎಳೆದೆ.

ಈಗ ಸಿಕ್ಕಿತು ಎಂದದ್ದೂ ಸುಳ್ಳು. ಅಂದು ಸಂಜೆ ಕಟ್ಟು ಕಟ್ಟುವಾಗಲೇ ನೋಡಿದ್ದೆ. ಆದರೆ ಮಧ್ಯಾಹ್ನವಷ್ಟೇ ಹೆಡ್‌ಮಾಸ್ಟರು ಎಲ್ಲರೆದುರು, "ಸ್ವಂತ ಮಗಳನ್ನೂ ಬಿಡ್ಲಿಲ್ಲ ನೋಡಿ, ಟೀಚರ್ ಅಂದ್ರೆ ಇವರು!" ಅಂದಿದ್ದರು. ಆ ಮಾತನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ನೀನು ಹಿಂದಿನ ಕೋಣೆಯಲ್ಲೇ ಉಳಿದೆ, ಏಳನೇ ತರಗತಿಗೆ ಶಾಲೆ ಬಿಟ್ಟೆ. ನಿನ್ನನ್ನು ಆಮೆ ಎಂದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು. ಅದಕ್ಕೇ ಇನ್ನೂ ಜೋರಾಗಿ ಕರೆಯುತ್ತಿದ್ದೆ.

ಬೀಳ್ಕೊಡುಗೆಗೆ ಆ ಹಳೆಯ ಹೆಡ್‌ಮಾಸ್ಟರೇ ಬರುತ್ತಾರೆ, ಅದೇ ಮಾತನ್ನು ಮತ್ತೆ ಹೇಳುತ್ತಾರಂತೆ. ಈ ತಿಂಗಳು ಮುಗಿಯುವವರೆಗೆ ಈ ಕಾಗದವನ್ನು ಯಾರಿಗೂ ತೋರಿಸಬೇಡ.