ಅಳತೆ ಬ್ಲೌಸೇ ತಪ್ಪಿದ್ದರೆ

ಕಾಲಿನ ನರದ ಅಳತೆ ಅಧ್ಯಯನದ ಮುಖ್ಯಸ್ಥರಿಗೆ, ಈ ದಿನಪತ್ರಿಕೆಯ ಮೂಲಕ,

ಮಾನ್ಯರೇ,

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಆರೋಗ್ಯವಂತರ ಕಾಲಿನ ನರ ಎಷ್ಟು ದಪ್ಪವಿರುತ್ತದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ಅಳೆದು ತಾವು ತಯಾರಿಸಿರುವ ಪಟ್ಟಿ ತಪ್ಪಾಗಿದೆ. ನನಗೆ ಹೇಗೆ ಗೊತ್ತು ಎಂದು ತಾವು ಕೇಳಬಹುದು. ಆ ಪಟ್ಟಿಯಲ್ಲಿ ನಾನಿದ್ದೇನೆ. ನನಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ.

ತಮ್ಮ ಶಿಬಿರದ ಕರಪತ್ರದಲ್ಲಿ ‘ಆರೋಗ್ಯವಂತರು ಮಾತ್ರ’ ಎಂದು ಅಚ್ಚಾಗಿತ್ತು, ಒಪ್ಪುತ್ತೇನೆ. ಆದರೆ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮೈಕ್ ಕಟ್ಟಿಕೊಂಡು ತಿರುಗಿದ ಆಟೋ ಕೂಗಿದ್ದು ‘ಕಾಲಿನ ನರಕ್ಕೆ ಉಚಿತ ಸ್ಕ್ಯಾನಿಂಗ್’ ಎಂದಷ್ಟೇ. ಕಾಲು ನೆಟ್ಟಗಿರುವವರು ಯಾರಾದರೂ ಕೆಲಸ ಬಿಟ್ಟು ಕಾಲು ತೋರಿಸಲು ಬರುತ್ತಾರೆಯೇ? ಜೋಮು ಹಿಡಿದವರು, ಅಂಗಾಲು ಉರಿಯುವವರು ಬಂದರು. ನಮ್ಮ ಕಡೆ ಕಾಲಿಗೆ ಏನೇ ಆದರೂ ಅದು ನರದ್ದೇ. ಸಾಲಿನಲ್ಲಿ ಮೊದಲಿದ್ದ ಹನುಮಂತಮ್ಮ ಸತ್ಯ ಹೇಳಿ ಕೆಟ್ಟರು. “ಶುಗರ್ ಐತೆ ಕಣಪ್ಪಾ” ಎಂದದ್ದೇ ತಡ, ತಮ್ಮ ಸಿಬ್ಬಂದಿ ವಾಪಸ್ ಕಳಿಸಿದರು. ಆಕೆ ಹೋಗುತ್ತಾ ನಮಗೆಲ್ಲ ಕೇಳುವಂತೆ, “ಐತೆ ಅಂದ್ರೆ ಮಿಷಿನ್ ಇಡಾಕಿಲ್ಲ ಕಣ್ರೇ, ಇಲ್ಲ ಅನ್ರಿ” ಎಂದರು. ಆಮೇಲೆ ಆ ಸಾಲಿನಲ್ಲಿ ಯಾರಿಗೂ ಶುಗರ್ ಇರಲಿಲ್ಲ.

ನಾನೂ ಇಲ್ಲ ಅಂದೆ. ಪಾದದ ಗಂಟಿನ ಹಿಂದೆ ತಣ್ಣನೆಯ ಜೆಲ್ ಹಚ್ಚಿ ನೋಡಿದವರು “ನರ ಚೆನ್ನಾಗಿ ದಪ್ಪ ಇದೆಯಮ್ಮ” ಎಂದರು. ದಪ್ಪ ಎಂದರೆ ಗಟ್ಟಿಮುಟ್ಟು ಎಂದುಕೊಂಡು ನಾನು ಹಿಗ್ಗಿ ಮನೆಗೆ ಬಂದೆ. ಸಕ್ಕರೆ ಕಾಯಿಲೆಯಲ್ಲಿ ನರ ಊದಿಕೊಳ್ಳುವುದುಂಟು ಎಂದು ತಿಳಿದದ್ದು ಆಮೇಲೆ. ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದ್ದರೆ ನಮ್ಮೆಲ್ಲರ ಸುಳ್ಳು ಅಲ್ಲೇ ಮುಗಿಯುತ್ತಿತ್ತು. ಅಷ್ಟು ದೊಡ್ಡ ಯಂತ್ರ ಹೊತ್ತು ತಂದವರಿಗೆ ಅದೊಂದು ಹೊಳೆಯಲಿಲ್ಲವೇ?

ನಾನು ಬ್ಲೌಸ್ ಹೊಲಿಯುವವಳು. ಗಿರಾಕಿಗಳು ಅಳತೆಗೆಂದು ಒಂದು ಹಳೆಯ ಬ್ಲೌಸ್ ತರುತ್ತಾರೆ. ತಂಗಿಯ ಬ್ಲೌಸ್ ತಂದು ತಮ್ಮದೇ ಎಂದು ಸಾಧಿಸುವವರೂ ಇದ್ದಾರೆ. ಹಾಗಾಗಿ ನಾನು ಅದನ್ನು ಹಾಕಿಸಿ ನೋಡದೆ ಬಟ್ಟೆಗೆ ಕತ್ತರಿ ಇಡುವುದಿಲ್ಲ. ಅಳತೆ ಬ್ಲೌಸೇ ತಪ್ಪಿದ್ದರೆ ಆಮೇಲೆ ಹೊಲಿದದ್ದೆಲ್ಲ ತಪ್ಪು. ಎಸ್ಸೆಸ್ಸೆಲ್ಸಿ ಫೇಲಾದ ನನಗೆ ತಿಳಿದಿರುವ ಈ ಸಂಗತಿ ತಮ್ಮ ತಜ್ಞರ ಸಮಿತಿಗೆ ತಿಳಿಯದಿರುವುದನ್ನು ನಾನು ವಿನಯದಿಂದ ಗಮನಿಸಿದ್ದೇನೆ.

ನನ್ನ ನಾದಿನಿ ಯಶೋದಾ ನಮ್ಮ ಅಂಗಡಿಯಲ್ಲೇ ಕೂತು ಹುಕ್ಸ್ ಹಾಕುತ್ತಾಳೆ. ಅವಳಿಗೂ ಶುಗರ್. ಶಿಬಿರಕ್ಕೆ ಬಂದಿರಲಿಲ್ಲ. ಪಾದ ಮರಗಟ್ಟುತ್ತಿದೆ ಎಂದು ಹೋದ ವರ್ಷ ಡಾಕ್ಟರ ಬಳಿ ಹೋದಾಗ ಅವರು ನರ ಅಳೆದು, ತಮ್ಮ ಅಧ್ಯಯನದ ಈ ಪಟ್ಟಿಯನ್ನೇ ನೋಡಿ, “ಈ ಕಡೆಯವರಿಗೆ ಇಷ್ಟು ದಪ್ಪ ನಾರ್ಮಲ್” ಎಂದು ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದರು. ಎರಡು ತಿಂಗಳಾದ ಮೇಲೆ ಒಂದು ದಿನ ಯಶೋದಾ, “ಅತ್ತಿಗೇ, ಚಪ್ಪಲಿ ಯಾಕೋ ಅಂಟಂಟು ಆಗೈತೆ, ನೋಡು” ಎಂದಳು. ಎಡಗಾಲಿನ ಬೆರಳ ಬುಡದಲ್ಲಿ ನಮ್ಮ ಅಂಗಡಿಯದೇ ಸೂಜಿ ಮುರಿದು ಕೂತಿತ್ತು. ಎಷ್ಟು ದಿನದಿಂದ ಎಂದು ಅವಳಿಗೆ ಗೊತ್ತಿರಲಿಲ್ಲ. ಎರಡು ಬೆರಳು ತೆಗೆಯಬೇಕಾಯಿತು.

ಆ ‘ನಾರ್ಮಲ್’ನಲ್ಲಿ ನನ್ನ ಊದಿದ ನರದ ಪಾಲೂ ಇದೆ. ಅವಳ ಕಾಲಿಗೆ ಬಟ್ಟೆ ಸುತ್ತುವಾಗ ನನಗೆ ತಲೆ ಎತ್ತಲು ಆಗುವುದಿಲ್ಲ.

ಆದ್ದರಿಂದ ತಾವು ಆ ಪಟ್ಟಿಯನ್ನು ಕೂಡಲೇ ವಾಪಸ್ ಪಡೆಯಬೇಕು, ಅದನ್ನು ನಂಬಿದ ಡಾಕ್ಟರುಗಳಿಗೆಲ್ಲ ಅದು ತಪ್ಪೆಂದು ತಿಳಿಸಬೇಕು, ರಕ್ತ ನೋಡಿದ ಮೇಲೆಯೇ ಹೊಸದಾಗಿ ಅಳೆಯಬೇಕು. ತಪ್ಪೊಪ್ಪಿಕೊಳ್ಳುವುದು ಕಷ್ಟವೆಂದು ನನಗೆ ಗೊತ್ತು. ನಾನು ಸುಳ್ಳು ಹೇಳಿದ್ದು ಯಶೋದಾಗೆ ಇನ್ನೂ ತಿಳಿಯದು. ಎದುರು ಕೂತು ಹೇಳಲು ಬಾಯಿ ಬರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿಯಲ್ಲಿ ಈ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ನನಗೆ ಕೇಳಿಸುವವಳು ಅವಳೇ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಆರೋಗ್ಯವಂತೆಯಾದ
ಪಂಕಜಾಕ್ಷಿ, ತರೀಕೆರೆ