ಕೆಂಪು ಬಟನ್ ಇಲ್ಲದ ಪೆಟ್ಟಿಗೆ

ದಾಂಡೇಲಿ
17 ನವೆಂಬರ್ 2024, ಭಾನುವಾರ

ಗೆಳೆಯ ಶರಣಬಸವನಿಗೆ, ನಿನ್ನ ತಾಜುದ್ದೀನನ ಸಲಾಮು. ಶಿವಗಂಗವ್ವನಿಗೆ ಶರಣು.

ಮಹಾನವಮಿಗೆ ಕೊಡುತ್ತೇನೆ ಎಂದಿದ್ದೆ. ಮಹಾನವಮಿ ಹೋಯಿತು, ದೀಪಾವಳಿಯೂ ಹೋಯಿತು. ಫೋನ್ ಮಾಡಿದಾಗಲೆಲ್ಲ ನೀನು, "ಏನಲೇ ತಾಜ್ಯಾ, ಆಟದ ಪೆಟ್ಟಿಗಿ ಮಾಡಾಕ ಹತ್ತೀಯೋ, ಗುಮ್ಮಟ ಕಟ್ಟಾಕ ಹತ್ತೀಯೋ?" ಎಂದು ನಗುತ್ತಿದ್ದೆ. ನಾನು ಒಮ್ಮೆ ವೈರ್ ಬಂದಿಲ್ಲ ಎಂದೆ, ಇನ್ನೊಮ್ಮೆ ಮೊಣಕಾಲು ನೋವು ಎಂದೆ. ಸಿಟ್ಟಾಗಬೇಡ ಮಾರಾಯಾ. ಪೆಟ್ಟಿಗೆ ತಯಾರಾಗಿ ಒಂದು ತಿಂಗಳಾಯಿತು. ಇಷ್ಟು ದಿನ ಅಂಗಡಿಯ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಇಟ್ಟಿದ್ದೆ.

ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆದ ಎನ್ನಬಹುದು ನೀನು. ಮೂರು ಸಲ ಫೋನ್ ಮಾಡಿದೆ ಶರಣ್ಯಾ. ನೀನು "ಹೇಳೋ" ಅಂದ ಕೂಡಲೇ ಹವಾ ಹೆಂಗೈತಿ, ಗೋವಿನಜೋಳ ಹೆಂಗ ಬಂತು ಎಂದು ಏನೇನೋ ಕೇಳಿ ಇಟ್ಟುಬಿಡುತ್ತೇನೆ. ಹಳಿಯಾಳದ ಕನ್ನಡ ಸಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಅಕ್ಷರ ಕಲಿತವರು ನಾವು. ಆ ಅಕ್ಷರವೇ ಈಗ ನನ್ನ ಕೈ ಹಿಡಿಯಬೇಕು.

ರಂಜಾನ್ ಹಬ್ಬದ ದಿನ ನೀನು ನಮ್ಮ ಮನೆಗೆ ಸುರಕುಂಬಾ ಕುಡಿಯಲು ಬಂದಿದ್ದೆಯಲ್ಲ, ಅವತ್ತು ನನ್ನ ಮಗಳು ಸಾಯಿಮಾ ಮೊಬೈಲಿನಲ್ಲಿ ಅದನ್ನು ತೋರಿಸಿದಳು. ಯಾವನೋ ಒಬ್ಬ ಮನೆಯಲ್ಲೇ ಕೂತು ಹಲಗೆಗೆ ತೂತು ಕೊರೆದು, ದೀಪ ಹತ್ತುವ ಬಟನ್ ಕೂರಿಸಿ, ಹಿಡಿಕೆ ಹಾಕಿ, ಟಿವಿಗೆ ಜೋಡಿಸಿ ಹಳೆಯ ವಿಡಿಯೋ ಗೇಮ್ ಆಡುತ್ತಿದ್ದ. ನೀನು ಬಟ್ಟಲು ಕೆಳಗಿಟ್ಟು ನೋಡುತ್ತಲೇ ಕೂತೆ. "ಏ ತಾಜ್ಯಾ, ಇದನ್ನ ನಿನ್ನ ಕೈಲೆ ಮಾಡಾಕ ಆಕ್ಕೈತೇನು? ನಮ್ಮ ವಿಮಾನ ಒಮ್ಮಿ ಹಾರಿಸಿ ಸಾಯ್ತೇನಲೇ" ಎಂದೆ. ನಾನು ಮೋಟಾರ್ ವೈಂಡಿಂಗ್ ಮಾಡುವವನು, ಇದೇನು ಮಹಾ ಎಂದು ಎದೆ ತಟ್ಟಿಕೊಂಡೆ.

ಹಳಿಯಾಳ ಬಸ್ ಸ್ಟ್ಯಾಂಡ್ ಹಿಂದಿನ ಆ ಗೇಮ್ ಅಂಗಡಿ ನೆನಪಿದೆಯಲ್ಲ? ಸಾ ಮಿಲ್ಲಿನ ಪಾಳಿ ಮುಗಿದ ಮೇಲೆ ಮೈತುಂಬ ಕಟ್ಟಿಗೆ ಹೊಟ್ಟು ಹೊತ್ತುಕೊಂಡೇ ನುಗ್ಗುತ್ತಿದ್ದೆವು. ಅಂಗಡಿಯವ ಹೊಟ್ಟು ಝಾಡಿಸಿ ಒಳಗೆ ಬರ್ರಿ ಎಂದು ಬೈಯುತ್ತಿದ್ದ. ಒಬ್ಬರು ಆಡುವ ಮಷೀನನ್ನು ನಾವು ಇಬ್ಬರು ಸೇರಿ ಆಡುತ್ತಿದ್ದೆವು. ಹಿಡಿಕೆ ನನ್ನದು, ಬಟನ್ ನಿನ್ನದು. ನಾನು ವಿಮಾನ ಓಡಿಸಬೇಕು, ನೀನು ಗುಂಡು ಹಾರಿಸಬೇಕು. ಭಜನೆಯಲ್ಲಿ ದಮ್ಮಡಿ ಬಾರಿಸುತ್ತಿದ್ದ ಕೈ ನಿನ್ನದು. ಆ ಬೆರಳುಗಳ ಓಟ ನೋಡಲೆಂದೇ ಜನ ನಮ್ಮ ಹಿಂದೆ ನಿಲ್ಲುತ್ತಿದ್ದರು. ಶರಣಾ, ನನ್ನ ಬಾಳಿನಲ್ಲಿ ಅಷ್ಟು ಸುಖದ ಸಂಜೆಗಳು ಮತ್ತೆ ಬರಲಿಲ್ಲ.

ಸರಿ, ಪೆಟ್ಟಿಗೆಯ ಸುದ್ದಿ ಹೇಳುತ್ತೇನೆ. ಬಟನ್, ಹಿಡಿಕೆ, ಅವನ್ನೆಲ್ಲ ಕೂಡಿಸುವ ಒಂದು ಸಣ್ಣ ಬೋರ್ಡ್, ಎಲ್ಲವನ್ನೂ ಸಾಯಿಮಾ ತರಿಸಿಕೊಟ್ಟಳು. ಹಿಡಿಕೆಯ ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಪುಟ್ಟ ಸ್ವಿಚ್ ಇವೆ, ವಾಲಿಸಿದರೆ ಟಿಕ್ ಎನ್ನುತ್ತವೆ. ನಾನು ಮೋಟಾರಿನ ಗಟ್ಟಿ ತಾಮ್ರದ ತಂತಿ ಸುತ್ತಿದವನು, ಈ ವೈರುಗಳೋ ಎಮ್ಮೆಯ ಬಾಲದ ಕೂದಲಿನ ಹಾಗೆ. ಮೊದಲ ದಿನವೇ ಜಾಸ್ತಿ ಕರೆಂಟು ಕೊಟ್ಟು ನಾಲ್ಕು ಬಟನ್ನಿನ ದೀಪ ಸುಟ್ಟೆ. ಸಾಯಿಮಾ ಹಣೆ ಹಣೆ ಬಡಿದುಕೊಂಡಳು: "ಅಬ್ಬಾ, ಇದು ಬೋರವೆಲ್ ಮೋಟಾರ್ ಅಲ್ಲರಿ!" ಆಮೇಲೆ ಅವಳು ಹೇಳಿದ ಹಾಗೆಯೇ ಮಾಡಿದೆ.

ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಗಳಲ್ಲಿ ಬಟನ್ ಒತ್ತೊತ್ತಾಗಿ ಇರುತ್ತವೆ, ಒಂದೊಂದಕ್ಕೆ ಒಂದೊಂದು ಬೆರಳು ಬೇಕು. ನಿನ್ನ ಬಲಗೈಯಲ್ಲಿ ಉಳಿದಿರುವುದು ಹೆಬ್ಬೆರಳು ಒಂದೇ. ಅದಕ್ಕೆ ನಾನು ಅಂಗೈ ಅಗಲದ ಮೂರು ಬಟನ್ ಹಾಕಿದೆ, ಹಳದಿ, ನೀಲಿ, ಹಸಿರು. ಒಂದರಿಂದ ಒಂದು ದೂರ ಇವೆ. ಮಣಿಕಟ್ಟಿನಿಂದ ಒತ್ತಿದರೂ ಸಾಕು. ಎಡಗೈಗೆ ಹಿಡಿಕೆ. ಆಗ ಹಿಡಿಕೆ ನನ್ನದಾಗಿತ್ತು, ಈಗ ಎರಡೂ ನಿನ್ನದೇ. ಅಂಚುಗಳನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದೇನೆ, ಎಲ್ಲಿಯೂ ಸೀಳು ಚುಚ್ಚುವುದಿಲ್ಲ.

ಎಲ್ಲ ಮುಗಿದ ಮೇಲೆ ಏನು ಮಾಡಿದೆ ಗೊತ್ತೇ? ನನ್ನ ಬಲಗೈಯ ನಾಲ್ಕು ಬೆರಳು ಮಡಚಿ ಬಟ್ಟೆಯಿಂದ ಬಿಗಿದು ಕಟ್ಟಿಕೊಂಡು ಆಡಲು ಕೂತೆ. ಬಟನ್‌ಗಳು ಹೊಳೆದವು, ಟಿವಿಯಲ್ಲಿ ವಿಮಾನ ಬಂತು. ಮೊದಲನೆಯ ಹಂತವನ್ನೂ ದಾಟಲಿಲ್ಲ ನಾನು. ಮರುದಿನ ಆಡಿದೆ, ಹದಿನೈದು ದಿನ ಆಡಿದೆ. ಮಣಿಕಟ್ಟು ಎತ್ತಿ ಇಡುವುದರೊಳಗೆ ಗುಂಡು ಬಂದು ಬಡಿದಿರುತ್ತದೆ. ನಿನಗೂ ಆಗುವುದಿಲ್ಲ ಶರಣಾ, ಬಣ್ಣ ಹಚ್ಚಿ ಹೇಳುವುದಿಲ್ಲ. ನೋಡಲು ಮದುಮಗಳ ಹಾಗಿದೆ, ಕೆಲಸಕ್ಕೆ ಬಾರದ್ದು. ಆರೇಳು ತಿಂಗಳು ದುಡಿದು ನಿನ್ನ ನಾಲ್ಕು ಬೆರಳು ಇಲ್ಲ ಎಂಬುದನ್ನೇ ದೀಪ ಹಚ್ಚಿ ತೋರಿಸುವ ಒಂದು ಸಾಮಾನು ಮಾಡಿದ್ದೇನೆ.

ಈ ಮೂರರ ಜೊತೆ ಒಂದು ಕೆಂಪು ಬಟನ್ನೂ ಬಂದಿತ್ತು, ಆಟ ಶುರು ಮಾಡಲು. ನಾನು ಅದನ್ನು ಹಾಕಲಿಲ್ಲ. ಅಲ್ಲಿ ಬಿಳಿಯದು ಹಾಕಿ ಕೆಂಪನ್ನು ಖಾನೆಯಲ್ಲಿ ಒಗೆದೆ. ಸಾಯಿಮಾ, "ಕೆಂಪಂದು ಯಾಕ ಬ್ಯಾಡರಿ? ಅದ ಚಂದ ಕಾಣ್ತಿತ್ತು" ಎಂದಳು. ನಾನು ರೇಗಿಬಿಟ್ಟೆ. ಅವಳು ಬೆಪ್ಪಾಗಿ, "ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡ್ರಂತ, ಹಂಗಾತು. ನಾ ಏನ್ ಅಂದೇನೀಗ?" ಎಂದಳು. ಸಾ ಮಿಲ್ಲಿನ ಸ್ಟಾರ್ಟರ್ ಮೇಲೆ ಗರಗಸ ತಿರುಗಿದ ಕೂಡಲೇ ಹತ್ತುತ್ತಿದ್ದುದು ಕೆಂಪು ದೀಪ. ಅವತ್ತು ಆ ದೀಪ ಹತ್ತಿತು, ಹಿಂದೆಯೇ ನಿನ್ನ ಕೂಗು ಕೇಳಿತು.

ಇಪ್ಪತ್ತೆರಡು ವರ್ಷವಾಯಿತು, ಆದರೂ ಅದನ್ನು ಮತ್ತೊಮ್ಮೆ ಬರೆಯುತ್ತೇನೆ, ತಾಳಿಕೋ. ಒಳಗೆ ಆಳು ಇದ್ದಾಗ ಯಾರೂ ಮಷೀನು ಚಾಲೂ ಮಾಡದಂತೆ ಸ್ಟಾರ್ಟರಿಗೆ ಹಾಕಲು ನಮ್ಮ ಮಿಲ್ಲಿನಲ್ಲಿ ಬೀಗ ಇರಲಿಲ್ಲ, ಚೀಟಿ ಇರಲಿಲ್ಲ. ಗರಗಸದ ಕೆಳಗಿನ ಕುಣಿಗೆ ಇಳಿಯುವವನು ತನ್ನ ಟವೆಲನ್ನು ಸ್ಟಾರ್ಟರ್ ಹಿಡಿಕೆಯ ಮೇಲೆ ಹಾಕಿ ಇಳಿಯಬೇಕು. ಹಾಕಿದವನೇ ಬಂದು ತೆಗೆಯಬೇಕು, ಇನ್ನೊಬ್ಬನ ಟವೆಲ್ಲಿಗೆ ಮಾಲಕ ನಾಗಲಿಂಗಪ್ಪನೂ ಕೈ ಹಚ್ಚುತ್ತಿರಲಿಲ್ಲ. ಆ ಶುಕ್ರವಾರ ನಾನು ಜುಮ್ಮಾ ನಮಾಜು ಮುಗಿಸಿ ಬಂದೆ. ನೀನು ಕುಣಿಯಲ್ಲಿ ಹೊಟ್ಟು ತೆಗೆಯುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಬಟನ್ ಒತ್ತಿದೆ. ಆಮೇಲೆ ನನ್ನ ಹೆಗಲ ಮೇಲಿನ ಟವೆಲ್ ತೆಗೆದು ನಿನ್ನ ಕೈಗೆ ಸುತ್ತಿ, ಜೀಪಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ದವಾಖಾನೆಗೆ ಒಯ್ದೆ. ತಾಜು ತನ್ನ ಟವೆಲ್ ಸುತ್ತಿ ಜೀವ ಉಳಿಸಿದ ಎಂದು ಊರೆಲ್ಲ ಹೇಳಿತು. ನಿನ್ನ ಅವ್ವ ಹೊಳೆವ್ವ ನನ್ನ ತಲೆ ಮುಟ್ಟಿ ಹರಸಿದಳು.

ದವಾಖಾನೆಯ ಕಟ್ಟೆಯ ಮೇಲೆ ನಾಗಲಿಂಗಪ್ಪ ಕೇಳಿದ, "ಹಿಡಕಿ ಮ್ಯಾಲ ಶರಣಂದು ಟವೆಲ್ ಇತ್ತೇನೋ?" ನಾನು, "ಇರಲಿಲ್ಲರಿ" ಎಂದೆ. ನೀನು ಮಾತ್ರ ಮಂಪರಿನಲ್ಲಿ, "ಹಾಕಿದಂಗ ನೆನಪೈತಿ, ಹಾಕಿದಂಗ ನೆನಪೈತಿ" ಎನ್ನುತ್ತಿದ್ದೆ. ಮರುದಿನ ಬೆಳಿಗ್ಗೆ ನೀನೇ ಎಲ್ಲರ ಮುಂದೆ, "ತಾಜುಂದ ಏನೂ ತಪ್ಪಿಲ್ರಿ. ನಾನ ಮರತೇನಿ. ಟವೆಲ್ ಬಸ್ಸಿನ್ಯಾಗ ಬಿಟ್ಟಿರಬೇಕು" ಎಂದುಬಿಟ್ಟೆ. ಅಲ್ಲಿಗೆ ಮಾತು ಮುಗಿಯಿತು.

ನನಗೆ ಮುಗಿದಿಲ್ಲ. ನಿನಗೂ ಮುಗಿದಿಲ್ಲ ಎಂದು ಗೊತ್ತು. ಹೋದ ಸೋಮವಾರ ಶಿವಗಂಗವ್ವ ಫೋನ್ ಮಾಡಿದ್ದಳು. ನಿಮ್ಮ ಸಾಂಬ್ರಾಣಿ ಊರಿನ ಹಾಲಿನ ಸಂಘದವರು ಮನೆಗೇ ಬಂದು ಸಂಘದ ಕೀಲಿ ನಿನ್ನ ಕೈಗೆ ಕೊಟ್ಟರಂತೆ, ಎರಡು ದಿನ ಇಟ್ಟುಕೊಂಡು ತಿರುಗಿ ಕೊಟ್ಟೆಯಂತೆ. "ಒಂದ್ ಟವೆಲ್ ನೆನಪಿಡಲಾರದಾಂವ ಊರ ಕೀಲಿ ಏನ್ ನೆನಪಿಡ್ತೇನಿ ಅಂತಾರ ಅಣ್ಣಾ. ಬಾಗಲ ಹಾಕಿ ಮೂರ್ ಸಲ ಹೊಳ್ಳಿ ಬಂದು ನೋಡ್ತಾರ. ನಾನೂ ಸಿಟ್ಟಿನ್ಯಾಗ ಎಷ್ಟ್ ಸಲ ಅಂದೇನಿ, ಒಂದ್ ಟವೆಲ್ ಹಾಕಾಕ ಆಗಲಿಲ್ಲ ನಿಮಗ ಅಂತ. ಅನಬಾರದಾಗಿತ್ತು" ಎಂದು ಅತ್ತಳು. ಫೋನ್ ಇಟ್ಟ ಮೇಲೆ ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೇ ಕೂತೆ. ಬೆರಳು ಹೋದದ್ದನ್ನು ನೀನು ಎಂದೋ ಸಹಿಸಿಕೊಂಡೆ. ನಿನ್ನ ತಲೆಯ ಮೇಲೆ ನಿನಗೇ ಇದ್ದ ನಂಬಿಕೆ ಹೋಯಿತು ನೋಡು, ಅದು ದಿನಾ ನಿನ್ನನ್ನು ತಿನ್ನುತ್ತಿದೆ.

ಪೆಟ್ಟಿಗೆಯನ್ನು ದುರ್ಗಪ್ಪನ ಟೆಂಪೋದಲ್ಲಿ ಕಳಿಸುತ್ತಿದ್ದೇನೆ, ಈ ಕಾಗದವೂ ಒಳಗೇ ಇರುತ್ತದೆ. ಟಿವಿಗೆ ಜೋಡಿಸುವುದು ನಿನ್ನ ಮಗಳು ಪೂರ್ಣಿಮಾಗೆ ತಿಳಿಯುತ್ತದೆ. ನಾನೇ ಯಾಕೆ ತರಲಿಲ್ಲ ಎಂದರೆ ಮೊಣಕಾಲಲ್ಲ, ಧೈರ್ಯ ಇಲ್ಲ. ಇದನ್ನು ಓದಿದ ಮೇಲೆ ನೀನು ಫೋನ್ ಮಾಡುತ್ತೀ ಎಂಬ ಆಸೆ ನನಗೆ ಒಂದಿಷ್ಟೂ ಇಲ್ಲ. ಮಾಡದಿದ್ದರೆ ಅದೇ ಸರಿ.

ಪೂರ್ಣಿಮಾಗೆ ನನ್ನ ದುವಾ. ಅವಳು ಹಿಡಿದದ್ದೆಲ್ಲ ಕೈಗೂಡಲಿ. ಶಿವಗಂಗವ್ವನ ಬೆನ್ನುನೋವು ಕಡಿಮೆಯಾಗಲಿ, ನನ್ನ ಹೆಂಡತಿ ಸಿರಾಜುನ್ನಿಸಾ ಅವಳಿಗೆ ಎಣ್ಣೆ ಕಾಸಿ ಕೊಟ್ಟಿದ್ದಾಳೆ, ಶೀಶೆ ಪೆಟ್ಟಿಗೆಯ ಮೂಲೆಯಲ್ಲಿದೆ. ನಿನ್ನನ್ನು ಅಲ್ಲಾನೂ ನಿನ್ನ ಶಿವನೂ ಇಬ್ಬರೂ ಕಾಯಲಿ. ಒಬ್ಬರು ಸಾಲುವುದಿಲ್ಲ ಅನ್ನುವಷ್ಟು ನಾನು ನಿನಗೆ ಕೇಡು ಮಾಡಿದ್ದೇನೆ.

ನಿನ್ನವನೆಂದು ಬರೆಯಲು ಕೈ ಬಾರದ,
ತಾಜುದ್ದೀನ

ತಾ.ಕ.: ಪೆಟ್ಟಿಗೆಯ ತಳದಲ್ಲಿ, ಬೋರ್ಡಿನ ಕೆಳಗೆ, ಪೇಪರಿನಲ್ಲಿ ಸುತ್ತಿದ ಒಂದು ಟವೆಲ್ ಇದೆ. ಮೋಟಾರ್ ತರಲು ಮುಂಡಗೋಡಿಗೆ ಹೋದಾಗ ಸಂತೆಯಲ್ಲಿ ಹಸಿರು ಅಂಚಿನ ಎರಡು ಟವೆಲ್ ಕೊಂಡಿದ್ದೆವಲ್ಲ, ಜೋಡಿ ಎತ್ತಿನ ಹಾಗೆ ಒಂದೇ ತರಹದವು, ಅದರಲ್ಲಿ ಒಂದು. ಅವತ್ತು ನಮಾಜಿನಿಂದ ಬಂದಾಗ ಹಿಡಿಕೆಯ ಮೇಲೆ ಟವೆಲ್ ಇತ್ತು ಶರಣಾ. ಬೆಳಿಗ್ಗೆ ಬೆಲ್ಟ್ ಬಿಗಿಯಲು ಕುಣಿಗೆ ಇಳಿದಿದ್ದವನು ನಾನು, ನನ್ನದನ್ನೇ ತೆಗೆಯಲು ಮರೆತು ಹೋಗಿದ್ದೆನೆಂದುಕೊಂಡೆ. ತೆಗೆದು ಹೆಗಲಿಗೆ ಹಾಕಿಕೊಂಡು ಬಟನ್ ಒತ್ತಿದೆ. ಕಟ್ಟೆಯ ಮೇಲೆ "ಇರಲಿಲ್ಲರಿ" ಎಂದಾಗ ಅದು ಸುಳ್ಳೆಂದು ನನಗೂ ಗೊತ್ತಿರಲಿಲ್ಲ. ಸಂಜೆ ಮನೆಗೆ ಬಂದೆ. ಹಿತ್ತಲ ಹಗ್ಗದ ಮೇಲೆ ನನ್ನ ಟವೆಲ್ ಒಣಗುತ್ತಿತ್ತು. ಸಿರಾಜುನ್ನಿಸಾ ಬೆಳಿಗ್ಗೆಯೇ ಒಗೆದು ಹಾಕಿದ್ದಳಂತೆ, ನಾನು ಬೇರೊಂದು ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋಗಿದ್ದೆ, ಅದು ನನಗೆ ನೆನಪೇ ಇರಲಿಲ್ಲ. ಮರುದಿನ ಹೇಳಬೇಕೆಂದೇ ದವಾಖಾನೆಗೆ ಬಂದೆ. ಅಷ್ಟರಲ್ಲಿ ನೀನು ನಾನ ಮರತೇನಿ ಎಂದುಬಿಟ್ಟೆ, ನಾನು ಸುಮ್ಮನಾದೆ. ನಿನ್ನ ಕೈಗೆ ಸುತ್ತಿದ ಆ ಟವೆಲ್ಲಿನಿಂದ ಎಷ್ಟು ಒಗೆದರೂ ಕಲೆ ಹೋಗಿಲ್ಲ. ಮೂಲೆಯಲ್ಲಿ ಶಿವಗಂಗವ್ವ ಗುರುತಿಗೆ ಹಾಕಿದ್ದ ನೀಲಿ ದಾರದ ಹೊಲಿಗೆ ಹಾಗೆಯೇ ಇದೆ, ಅವಳಿಗೂ ತೋರಿಸು. ಸಂಘಕ್ಕೆ ಹೋಗಿ ಆ ಕೀಲಿ ತಿರುಗಿ ಇಸಿದುಕೋ. ನೀನು ಟವೆಲ್ ಹಾಕಿಯೇ ಇಳಿದಿದ್ದೆ.