ಹೇಳದೆ ಉಳಿಸಿದ ದಾರಿ

ಮಾರ್ಚ್ ೧೪, ಗುರುವಾರ

ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್ ಇವತ್ತು ಕೆಲಸ ಬಿಟ್ಟರು. ಬಿಡಿಸಿದವಳು ನಾನು.

ಕಾಯಿಲೆ ಬಿದ್ದೆದ್ದ ಮೇಲೆ ಅವರ ಕೈ ನಡುಗಿ ಬಟ್ಟೆ ಕೆಡುತ್ತಿತ್ತು. ಯಾರಿಗೂ ಅಪ್ಪಣೆ ಮಾಡಬೇಡಿ, ಎರಡು ದಾರಿ ಮುಂದಿಡಿ, ಆಗ ತೀರ್ಮಾನ ತಮ್ಮದೇ ಎಂದುಕೊಳ್ಳುತ್ತಾರೆ ಎಂದು ನಾನು ಸೂಪರ್‌ವೈಸರ್ ಆದಾಗ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹಾಗೇ ಮಾಡಿದೆ.

"ಪ್ಯಾಕಿಂಗ್‌ಗೆ ಹೋಗ್ತೀರಾ ಮಾಸ್ಟರ್, ಇಲ್ಲಾ ಮರ್ಯಾದೆಯಾಗಿ ರಾಜೀನಾಮೆ ಕೊಡ್ತೀರಾ?"

ಇಪ್ಪತ್ತಾರು ವರ್ಷ ಕತ್ತರಿ ಹಿಡಿದವರು ಪೆಟ್ಟಿಗೆಗೆ ಟೇಪು ಅಂಟಿಸಲು ಒಪ್ಪುವುದಿಲ್ಲವೆಂದು ನನಗೆ ಗೊತ್ತಿತ್ತು.

"ರಾಜೀನಾಮೆನೇ ಬರ್ಕೊಡ್ತೀನಮ್ಮ. ಕುತ್ತಿಗೆ ಹಿಡಿದು ದಬ್ಬದೆ ನನ್ನನ್ನೂ ಒಂದು ಮಾತು ಕೇಳಿದ್ಯಲ್ಲ, ಅಷ್ಟೇ ಸಾಕು" ಎಂದರು. ಮಧ್ಯಾಹ್ನಕ್ಕೇ ಅದು ಮಂಜೂರಾಯಿತು. ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು.

ಹೊಸಬರಿಗೆ ಕೆಲಸ ಕಲಿಸುವ ಜಾಗ ಖಾಲಿಯಿತ್ತು. ನನಗೂ ಕೈ ಹಿಡಿದು ಕಲಿಸಿದವರು ಅವರೇ. ಅವರನ್ನು ಆ ಜಾಗಕ್ಕೆ ಹಾಕುವುದು ಮ್ಯಾನೇಜರಿಗೆ ಇಷ್ಟವಿರಲಿಲ್ಲವೆಂದು ಆ ಮಾತನ್ನು ನಾನು ಎತ್ತಲೇ ಇಲ್ಲ.

ಸಂಜೆ ಊಟಕ್ಕೆ ಕೂತಾಗ ಮಗಳನ್ನು ಕೇಳಿದೆ: "ಆಮೇಲೆ ಲೆಕ್ಕ ಮಾಡ್ತೀಯೋ, ಪಾಠ ಓದ್ತೀಯೋ?"

"ಎರಡೂ ನಿಂಗೆ ಬೇಕಾಗಿರೋದೇ ಅಲ್ವಾ ಅಮ್ಮ? ನಂಗೇನು ಬೇಕು ಅಂತ ನೀನು ಕೇಳೋದೇ ಇಲ್ಲ."

ತಟ್ಟೆ ಬದಿಗಿಟ್ಟೆ. ಎದ್ದು ಮಾಸ್ಟರಿಗೆ ಫೋನ್ ಮಾಡಿದೆ. ಕಲಿಸುವ ಕೆಲಸ ಇತ್ತು, ನಾನೇ ಮುಚ್ಚಿಟ್ಟೆ ಎಂದು ಹೇಳಿಬಿಟ್ಟೆ. ಹೇಳುವಾಗಲೇ ಅಳು ಬಂತು.

"ಅಳಬೇಡಮ್ಮ. ಆರಿಸ್ಕೊಂಡಿದ್ದು ನಾನೇ ತಾನೆ? ನಿಂದೇನು ತಪ್ಪು?"

ನಿಜವಾಗಿಯೂ ಹಾಗೆ ನಂಬಿದ್ದಾರೋ, ನನ್ನ ಸಮಾಧಾನಕ್ಕೆ ಅಂದರೋ ತಿಳಿಯದು. ಅಲ್ಲ ಮಾಸ್ಟರ್, ನೀವು ಆರಿಸಿಕೊಳ್ಳಲಿಲ್ಲ ಎನ್ನಬೇಕಿತ್ತು. ಎನ್ನದೆ ಫೋನ್ ಇಟ್ಟೆ. ಈಗ ಇಲ್ಲಿ ಮಾತ್ರ ಬರೆದಿದ್ದೇನೆ.